ಏಳಡಿ ಅಡುಗೆಮನೆಯಲ್ಲಿ ಒಣ ಕಸಕ್ಕೊಂದು ಜಾಗ

ಬೆಂಗಳೂರಿನಲ್ಲಿ ಓದುವ ಹುಡುಗರು ಬಾಡಿಗೆ ಮನೆ ನೋಡುವಾಗ ಅಡುಗೆಮನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀರು ಎಷ್ಟು ಹೊತ್ತು ಬರುತ್ತದೆ, ಬೈಕ್ ನಿಲ್ಲಿಸಲು ಜಾಗ ಇದೆಯೇ, ಕಾಲೇಜಿಗೆ ಎಷ್ಟು ದೂರ ಎಂದೆಲ್ಲ ಕೇಳುತ್ತೇವೆ. ಅಡುಗೆಮನೆಗೆ ಮಾತ್ರ ಬಾಗಿಲಲ್ಲೇ ನಿಂತು ಇಣುಕಿ ‘ಓಕೆ ಆಂಟಿ’ ಅಂದುಬಿಡುತ್ತೇವೆ. ನಮ್ಮ ಅಡುಗೆಮನೆ 7 ಅಡಿ ಉದ್ದ, 5 ಅಡಿ ಅಗಲ. ಅದರಲ್ಲಿ ಸುಮಾರು 2 ಅಡಿ ಅಗಲವನ್ನು ಕಲ್ಲಿನ ಕಟ್ಟೆ ನುಂಗಿದೆ. ಒಬ್ಬ ಚಪಾತಿ ಲಟ್ಟಿಸುತ್ತಿದ್ದರೆ ನೀರು ಕುಡಿಯಲು ಬರುವ ಇನ್ನೊಬ್ಬ ‘ಸೈಡ್ ಬಿಡೋ’ ಎಂದು ಹಾರ್ನ್ ಹೊಡೆಯಬೇಕು.

ಇಷ್ಟು ಜಾಗದಲ್ಲಿ ನಾಲ್ಕು ಜನರ ಒಣ ಕಸವನ್ನು ಮೂರು ನಾಲ್ಕು ದಿನ ಇಟ್ಟುಕೊಳ್ಳಬೇಕು. ಹಸಿ ಕಸದ ಆಟೊ ಟಿಪ್ಪರ್ ಬೆಳಿಗ್ಗೆ ಹಾಡು ಹಾಕಿಕೊಂಡು ದಿನಾ ಬರುತ್ತದೆ. ಒಣ ಕಸ ತೆಗೆದುಕೊಳ್ಳುವುದು ನಮ್ಮ ಬೀದಿಯಲ್ಲಿ ವಾರಕ್ಕೆ 2 ದಿನ ಮಾತ್ರ. ಎರಡನ್ನೂ ಸೇರಿಸಿ ಕೊಟ್ಟರೆ ವಾಪಸ್ಸು. ಹಾಲಿನ ಪ್ಯಾಕೆಟ್, ಎಣ್ಣೆ ಕವರ್, ನೀರಿನ ಬಾಟಲಿ, ಪಾರ್ಸೆಲ್ ತಂದ ಡಬ್ಬಿ, ಆನ್‌ಲೈನ್‌ನಲ್ಲಿ ತರಿಸಿದ ಚಾರ್ಜರ್ ಬಂದ ರಟ್ಟಿನ ಪೆಟ್ಟಿಗೆ (ಚಾರ್ಜರ್ ಕೈಯಷ್ಟಿದ್ದರೆ ಪೆಟ್ಟಿಗೆ ಟಿ.ವಿ. ಬಂದಷ್ಟಿರುತ್ತದೆ), ಇವೆಲ್ಲ ಅಲ್ಲಿಯವರೆಗೆ ಎಲ್ಲಿರಬೇಕು?

ನಮಗೆ ಇದು ಬರೀ ಅಂದಚೆಂದದ ಪ್ರಶ್ನೆ ಆಗಿರಲಿಲ್ಲ. ಮನೆಗೆ ಬಂದ ಮೊದಲ ತಿಂಗಳಲ್ಲೇ ಓನರ್ ಆಂಟಿ ಸ್ಪಷ್ಟವಾಗಿ ಹೇಳಿದ್ದರು: “ಹಿಂದಿದ್ದ ಹುಡುಗರು ಕಸ ಗುಡ್ಡೆ ಹಾಕಿ ಮನೆ ತುಂಬ ಜಿರಲೆ ಮಾಡಿಟ್ಟು ಹೋದ್ರು ಕಣಪ್ಪಾ. ಇನ್ನೊಂದ್ಸಲ ಹಂಗಾದ್ರೆ ಔಷಧಿ ಹೊಡ್ಸೋ ದುಡ್ಡು ಅಡ್ವಾನ್ಸ್‌ನಲ್ಲೇ ಹಿಡ್ಕೋತೀನಿ, ಮನೇನೂ ಖಾಲಿ ಮಾಡಿಸ್ತೀನಿ.” ನಮ್ಮಲ್ಲಿ ಮೂವರು ಇನ್ನೂ ಬಿ.ಇ. ಓದುತ್ತಿದ್ದೇವೆ. ನಾಲ್ಕನೆಯವನು ನಮ್ಮ ಸೀನಿಯರ್, ಕಳೆದ ವರ್ಷ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಅಡ್ವಾನ್ಸ್‌ನಲ್ಲಿ ಅವನ ಪಾಲು ಅವನ ಅಮ್ಮ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ. ಅದು ಜಿರಲೆ ಔಷಧಿಗೆ ಹೋಗುವ ದುಡ್ಡಲ್ಲ.

ನಾನು ತಿಪಟೂರು ಕಡೆಯವನು. ನಮ್ಮೂರಲ್ಲಿ ಹಸಿ ಕಸ ತಿಪ್ಪೆಗೆ ಹೋಗುತ್ತದೆ, ಕಾಗದ ನೀರೊಲೆಗೆ, ಡಬ್ಬಿ ಬಾಟಲಿ ಅಜ್ಜಿಯ ಅಟ್ಟಕ್ಕೆ. ‘ವಿಂಗಡಣೆ’ ಎಂಬ ಪದ ಯಾರಿಗೂ ಬೇಕಾಗಿಲ್ಲ. ಬೆಂಗಳೂರಿಗೆ ಅದು ಬೇಕಾದ ಕಥೆ ಬೇರೆ. ನಗರದ ಕಸದ ಲಾರಿಗಳು ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗಿ ಸುರಿಯುತ್ತಿದ್ದವು. ಅಲ್ಲಿನ ಜನ ವಾಸನೆ, ನೊಣ, ಕೆಟ್ಟ ನೀರು ತಾಳಲಾರದೆ ಬೀದಿಗಿಳಿದರು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತಿತು, 2014ರ ಕೊನೆಗೆ ಮಂಡೂರಿಗೂ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮನೆಮನೆಗೂ ‘ಎರಡು ಬುಟ್ಟಿ, ಒಂದು ಚೀಲ’ದ ನಿಯಮ ಹಾಕಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಈಗ ಆ ನಿಯಮವನ್ನು ಯೋಚಿಸಿದರೆ ಯಾರೋ ಸಣ್ಣ ಅಡುಗೆಮನೆ ನೋಡಿದವರೇ ಅದನ್ನು ಬರೆದಿರಬೇಕು ಅನ್ನಿಸುತ್ತದೆ. ಒಣ ಕಸ ಸೋರುವುದಿಲ್ಲ, ಅದಕ್ಕೆ ಬುಟ್ಟಿ ಬೇಕಿಲ್ಲ. ಬುಟ್ಟಿ ತುಂಬಿದರೂ ಖಾಲಿಯಿದ್ದರೂ ಅಷ್ಟೇ ಜಾಗ ಹಿಡಿಯುತ್ತದೆ. ಚೀಲ ಹಾಗಲ್ಲ, ಗಾಡಿಗೆ ಕೊಟ್ಟ ದಿನ ಮಡಚಿಟ್ಟರೆ ಮಾಯ.

ಹೀಗಾಗಿ ನಾವು ಅಂಗಡಿಯಿಂದ ಏನೂ ಕೊಳ್ಳಲಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಮೂರು ಖಾನೆಯ, ಮುಚ್ಚಳ ತಾನಾಗಿ ಮುಚ್ಚಿಕೊಳ್ಳುವ ಡಬ್ಬಗಳು ಸಾವಿರಾರು ರೂಪಾಯಿಗೆ ಸಿಗುತ್ತವೆ. ಅದನ್ನು ಇಟ್ಟರೆ ನಾವು ಅಡುಗೆಮನೆಯಿಂದ ಹೊರಗೆ ನಿಲ್ಲಬೇಕು. ನಮ್ಮ ಬಳಿ ಇದ್ದದ್ದು 25 ಕೆ.ಜಿ. ಅಕ್ಕಿಯ ಖಾಲಿ ಚೀಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅದೂ ಅಡ್ವಾನ್ಸ್ ವಿಷಯವೇ. ಕಿಟಕಿಗೆ ಸರಳುಗಳಿವೆಯಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಕಬ್ಬಿಣದ ಕೊಕ್ಕೆ ತಂದು ಚೀಲವನ್ನು ಸಿಂಕ್ ಪಕ್ಕದ ಕಿಟಕಿಗೆ ನೇತುಹಾಕಿದೆವು. ನೆಲದಿಂದ ಒಂದೂವರೆ ಅಡಿ ಮೇಲಿರುವುದರಿಂದ ಕೆಳಗೆ ಗುಡಿಸಿ ಒರೆಸಬಹುದು. ಜಾಗ ಹುಡುಕುವಾಗ ಒಂದು ಎಚ್ಚರ: ಸಿಲಿಂಡರ್ ಹಿಂದೆ ಖಾಲಿ ಇದೆ ಎಂದು ಪ್ಲಾಸ್ಟಿಕ್ಕು, ಪೇಪರ್ ಅಲ್ಲಿ ತುರುಕಬೇಡಿ. ಎಷ್ಟೋ ಬ್ಯಾಚುಲರ್ ಮನೆಗಳಲ್ಲಿ ಕಸದ ಕವರ್ ಇರುವುದು ಅಲ್ಲೇ. ಒಲೆಯ ಪೈಪ್ ಪಕ್ಕದಲ್ಲಿ ಬೇಗ ಹೊತ್ತಿಕೊಳ್ಳುವ ಸಾಮಾನು ಇಡಬಾರದೆನ್ನಲು ಎಂಜಿನಿಯರಿಂಗ್ ಓದಬೇಕಿಲ್ಲ.

ವಿಂಗಡಿಸುವ ಕ್ರಮದಲ್ಲಿ ನಾವು ಪುಸ್ತಕದ ದಾರಿ ಬಿಟ್ಟೆವು. ಪ್ಲಾಸ್ಟಿಕ್, ಲೋಹ, ಗಾಜು, ಕಾಗದ ಎಂದು ನಾಲ್ಕು ಭಾಗ ಮಾಡಲು ನಮ್ಮಲ್ಲಿ ನಾಲ್ಕು ಜಾಗ ಇಲ್ಲ. ಆ ಕೆಲಸವನ್ನು ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರದಲ್ಲಿ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮನೆಯಲ್ಲಿ ಆಕಾರ ನೋಡಿ ಇಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ಚಪ್ಪಟೆಯಾದದ್ದು ಒಂದು ಕಡೆ, ಟೊಳ್ಳಾದದ್ದು ಇನ್ನೊಂದು ಕಡೆ, ಕಾಗದ ಅಡುಗೆಮನೆಯ ಹೊರಗೆ.

ಚಪ್ಪಟೆ ಎಂದರೆ ಮುಖ್ಯವಾಗಿ ಹಾಲಿನ ಪ್ಯಾಕೆಟ್. ನಮಗೆ ದಿನಕ್ಕೆ ಅರ್ಧ ಲೀಟರಿನ 2 ಪ್ಯಾಕೆಟ್, ಅಂದರೆ 4 ದಿನಕ್ಕೆ 8. ಮುದುಡಿ ಎಸೆದರೆ ಒಂದು ಕ್ಯಾರಿಬ್ಯಾಗ್ ತುಂಬುತ್ತದೆ. ಒಣಗಿಸಿ ನಾಲ್ಕು ಮಡಿಕೆ ಮಾಡಿದರೆ ಹಳೆಯ ಕಾಫಿಪುಡಿ ಡಬ್ಬಿಯಲ್ಲಿ ಎಂಟೂ ಕೂತು ಇನ್ನೂ ಜಾಗ ಉಳಿಯುತ್ತದೆ. ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರೆ ಮಾಡದೆ ಅಂಟಿಕೊಂಡೇ ಇರಲು ಬಿಡಬೇಕು. ಆ ಚಿಕ್ಕ ತ್ರಿಕೋನ ಬೇರೆಯಾದರೆ ಸಿಂಕಿನ ಜಾಲರಿಗೋ ಹಸಿ ಕಸಕ್ಕೋ ಸೇರಿಬಿಡುತ್ತದೆ. ಆಮೇಲೆ ಅದನ್ನು ಯಾರೂ ಹೆಕ್ಕುವುದಿಲ್ಲ.

ಟೊಳ್ಳಿನ ವಿಷಯದಲ್ಲಿ ಶತ್ರು ಗಾಳಿ. ಖಾಲಿ ಬಾಟಲಿ ತುಂಬಿದ ಚೀಲ ಎತ್ತಿ ನೋಡಿ, ಹತ್ತಿಯಷ್ಟು ಹಗುರ. ಒಂದು ಭಾನುವಾರ ಹಾಸ್ಟೆಲ್ ಗೆಳೆಯರಿಂದಲೂ 1 ಲೀಟರ್ ಬಾಟಲಿಗಳನ್ನು ತಂದು 20 ಲೀಟರ್ ಬಕೆಟ್‌ನಲ್ಲಿ ತುಂಬಿಸಿ ನೋಡಿದೆವು. ಹಾಗೇ ಹಾಕಿದಾಗ 11 ಹಿಡಿದವು, ಅಮುಕಿ ಹಾಕಿದಾಗ 29. ಅಮುಕುವುದಕ್ಕೂ ಒಂದು ರೀತಿ ಇದೆ. ಮುಚ್ಚಳ ತೆಗೆದು, ಬಟ್ಟೆ ಹಿಂಡುವ ಹಾಗೆ ತಿರುಚಿ, ಗಾಳಿ ಪೂರ್ತಿ ಹೋದ ಮೇಲೆ ಹಾಗೇ ಹಿಡಿದು ಮುಚ್ಚಳ ಬಿಗಿಯಬೇಕು. ಇಲ್ಲದಿದ್ದರೆ ಬಾಟಲಿ ಮತ್ತೆ ಗಾಳಿ ಎಳೆದುಕೊಂಡು ಅರ್ಧ ಎದ್ದು ಕೂರುತ್ತದೆ. ಪಾರ್ಸೆಲ್ ಡಬ್ಬಿಗಳನ್ನು ಅಮುಕಬಾರದು, ಒಡೆದು ಚೂರಾಗುತ್ತವೆ. ಲೋಟದೊಳಗೆ ಲೋಟ ಇಟ್ಟಂತೆ ಒಂದರೊಳಗೊಂದು ಇಡಬೇಕು.

ವಾಸನೆ ಮತ್ತು ಜಿರಲೆಯ ವಿಷಯಕ್ಕೆ ಬಂದರೆ, ಚೀಲ ಎಲ್ಲಿ ನೇತುಹಾಕಿದ್ದೀರಿ ಎಂಬುದಕ್ಕಿಂತ ಅದರೊಳಗೆ ಏನು ಹೋಯಿತು ಎಂಬುದೇ ಮುಖ್ಯ. ಗ್ರೇವಿ ಮೆತ್ತಿದ ಒಂದು ಡಬ್ಬಿ ಸಾಕು, ಇಡೀ ಚೀಲ ಹಸಿ ಕಸವಾಗಲು. ತೊಳೆಯಲು ನೀರು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರು ಕೇಳಲೇಬೇಕಾದ ಪ್ರಶ್ನೆ ಅದು. ನಾವು ಹೊಸ ನೀರು ಬಳಸುವುದಿಲ್ಲ. ಅಕ್ಕಿ ತೊಳೆದ ನೀರು ಒಂದು ಚೊಂಬಿನಲ್ಲಿ ಇರುತ್ತದೆ, ಡಬ್ಬಿ ಕವರ್‌ಗಳಿಗೆ ಅದೇ ಸಾಕು. ಹಾಲಿನ ಪ್ಯಾಕೆಟ್‌ಗೆ ಎರಡು ಚಮಚ ನೀರು ಹಾಕಿ ಕುಲುಕಿ ಚಹಾ ಪಾತ್ರೆಗೇ ಸುರಿಯುತ್ತೇವೆ. ಅಮ್ಮಂದಿರೆಲ್ಲ ಹಾಲು ಹಾಳಾಗದಿರಲಿ ಎಂದು ಮಾಡುವ ಕೆಲಸ ಅದು, ಪ್ಯಾಕೆಟ್ ತೊಳೆದದ್ದೂ ಆಗುತ್ತದೆ. ಸಾಕ್ಸ್ ಒಣಹಾಕುವ ದುಂಡನೆಯ ಕ್ಲಿಪ್ ಹ್ಯಾಂಗರ್ ಇರುತ್ತದಲ್ಲ, ಅದು ನಮ್ಮಲ್ಲಿ ಸಿಂಕಿನ ಮೇಲೆ ತೂಗುತ್ತದೆ. ರಾತ್ರಿ ಕ್ಲಿಪ್ ಹಾಕಿದ ಕವರ್‌ಗಳು ಬೆಳಿಗ್ಗೆ ಹೊತ್ತಿಗೆ ಗರಿಗರಿ ಒಣಗಿರುತ್ತವೆ. ನೋಡಿದವರು ನಗುತ್ತಾರೆ, ನಗಲಿ.

ರಟ್ಟಿನ ಪೆಟ್ಟಿಗೆಯನ್ನೇ ಕಸದ ಡಬ್ಬ ಮಾಡಿಕೊಳ್ಳುವವರಿದ್ದಾರೆ. ನೋಡಲು ಅಚ್ಚುಕಟ್ಟು, ಖರ್ಚೂ ಇಲ್ಲ. ಆದರೆ ಆ ರಟ್ಟಿನ ಪದರಗಳ ನಡುವೆ ಇರುವ ಅಲೆಅಲೆಯಾದ ಸಂದುಗಳು ಜಿರಲೆಗೆ ಬೆಚ್ಚಗಿನ ಮನೆ, ಅಂಟು ಅದಕ್ಕೆ ಊಟ. ಹಾಗಾಗಿ ನಮ್ಮಲ್ಲಿ ಪೆಟ್ಟಿಗೆ ಬಂದ ದಿನವೇ ಟೇಪ್ ಕಿತ್ತು, ಬಿಚ್ಚಿ ಹಲಗೆಯಂತೆ ಮಾಡಿ ಹಾಲ್‌ನಲ್ಲಿ ಮಂಚದ ಕೆಳಗೆ ಸೇರುತ್ತದೆ. ಪಿಜ್ಜಾ ಪೆಟ್ಟಿಗೆ ಮಾತ್ರ ಎರಡು ತುಂಡು: ಎಣ್ಣೆ ಹಿಡಿದ ತಳ ಹಸಿ ಕಸಕ್ಕೆ, ಸ್ವಚ್ಛವಾಗಿರುವ ಮುಚ್ಚಳ ಕಾಗದದ ಕಟ್ಟಿಗೆ.

ಕಾಗದದ ಉಸ್ತುವಾರಿ ಸೀನಿಯರ್‌ದು. ಅವನ ಬಳಿ ಕಾಗದಕ್ಕೆ ಬರವಿಲ್ಲ. ಆಪ್ಟಿಟ್ಯೂಡ್ ಪುಸ್ತಕಗಳು, ಮಾದರಿ ಪ್ರಶ್ನೆಪತ್ರಿಕೆಯ ಜೆರಾಕ್ಸ್, ಒಂದಕ್ಷರ ಬದಲಾಯಿಸಿ ಮತ್ತೆ ಪ್ರಿಂಟ್ ತೆಗೆಸಿದ ರೆಸ್ಯೂಮ್‌ಗಳು. ಒಂದು ಬದಿ ಖಾಲಿ ಇರುವುದನ್ನು ಪಿನ್ ಹೊಡೆದು ರಫ್ ಪುಸ್ತಕ ಮಾಡಿ ನಮಗೆ ಹಂಚುತ್ತಾನೆ. ಅವನ ರೆಸ್ಯೂಮಿನ ಬೆನ್ನ ಮೇಲೆ ನಾನು ಮ್ಯಾಥ್ಸ್ ಲೆಕ್ಕ ಬಿಡಿಸುತ್ತೇನೆ. ಎರಡೂ ಬದಿ ತುಂಬಿದ್ದು ತಿಂಗಳಿಗೊಮ್ಮೆ ಗುಜರಿ ಅಂಗಡಿಗೆ ಹೋಗುತ್ತದೆ. ಒಮ್ಮೆ ತೂಕ ಹಾಕಿಸಿ ಬಂದವನು, “ಇದರಲ್ಲಿ ನನ್ನ ಹದಿನೆಂಟು ಇಂಟರ್‌ವ್ಯೂ ಇದೆ ಕಣೋ” ಅಂದ. ನಾವ್ಯಾರೂ ಏನೂ ಹೇಳಲಿಲ್ಲ. ಆ ದುಡ್ಡಿಗೆ ನಾಲ್ಕು ಜನ ದರ್ಶಿನಿಯಲ್ಲಿ ಇಡ್ಲಿ ಕಾಫಿ ಮುಗಿಸಿದೆವು.

ಕಸದ ಗಾಡಿಯ ಜೊತೆ ಬರುವ ಅಕ್ಕನ ಪರಿಚಯವಾದದ್ದು ಈ ಚೀಲದಿಂದಲೇ. ಒಂದು ದಿನ ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದ್ದಕ್ಕೆ, “ಯಾರ್ದೋ ಮನೆ ಕವರ್‌ನಲ್ಲಿ ಒಡ್ದಿರೋ ಗ್ಲಾಸು ಇತ್ತಪ್ಪಾ. ಮೇಲೆ ಮೊಸರನ್ನ, ಕೆಳಗೆ ಗ್ಲಾಸು. ಕಾಣಲ್ವಲ್ಲ” ಅಂದರು. ಹೊಲಿಗೆ ಹಾಕಿಸಲು ಹೋದ ದಿನದ ಕೂಲಿ ಹೋಯಿತಂತೆ. ನಾವು ಬ್ಲೇಡು, ಒಡೆದ ಗಾಜನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಬೇರೆ ಇಟ್ಟು, ತುಂಬಿದಾಗ ದಪ್ಪ ಪೇಪರ್‌ನಲ್ಲಿ ಸುತ್ತಿ ಹೇಳಿಯೇ ಕೊಡುತ್ತೇವೆ. ಹಾಳಾದ ಬಲ್ಬು, ಬ್ಯಾಟರಿ ಸೆಲ್ಲುಗಳೂ ಚೀಲಕ್ಕೆ ಬೀಳುವುದಿಲ್ಲ. ಅವರಿಗೆ ನಮ್ಮ ಚೀಲ ಇಷ್ಟ. ಕೈ ಹಾಕಿದರೆ ಅಂಟುವುದಿಲ್ಲ, ಬಾಟಲಿ ಬಾಟಲಿಯ ಹಾಗೇ ಇರುತ್ತದೆ, ಗುಜರಿಯವರು ತಗಾದೆ ಇಲ್ಲದೆ ತೆಗೆದುಕೊಳ್ಳುತ್ತಾರೆ. ಅನ್ನ ಮೆತ್ತಿದ ಪ್ಲಾಸ್ಟಿಕ್‌ಗೆ ಬೆಲೆಯೇ ಇಲ್ಲ. ಬೆಂಗಳೂರಿನಲ್ಲಿ ಚಿಂದಿ ಆಯುತ್ತಿದ್ದವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿ, ‘ಹಸಿರು ದಳ’ದಂಥ ಸಂಸ್ಥೆಗಳ ಜೊತೆಗೂಡಿ ಅವರೇ ಒಣ ತ್ಯಾಜ್ಯ ಕೇಂದ್ರಗಳನ್ನು ನಡೆಸುವ ಮಟ್ಟಿಗೆ ಬಂದಿದ್ದಾರೆ. ನಾವು ಮೂಗು ಮುಚ್ಚಿ ಹೊರಗೆ ಎಸೆಯುವುದು ಅವರಿಗೆ ಕಚ್ಚಾಮಾಲು.

ಯಾವುದಕ್ಕೆ ಬೆಲೆ ಎಂಬ ಕುತೂಹಲವಿದ್ದರೆ ಡಬ್ಬಿಯ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. ನೀರಿನ ಬಾಟಲಿ 1, ಶಾಂಪೂ ಬಾಟಲಿ ಸಾಮಾನ್ಯವಾಗಿ 2, ಊಟದ ಪಾರ್ಸೆಲ್ ಡಬ್ಬಿ ಹೆಚ್ಚಾಗಿ 5. ಮೊದಲೆರಡನ್ನು ಗುಜರಿಯವರು ಬಿಡುವುದೇ ಇಲ್ಲ. ಕಪ್ಪು ಡಬ್ಬಿಗೆ ಬೇಡಿಕೆ ಕಡಿಮೆ, ಯಾಕೆಂದರೆ ಕಪ್ಪನ್ನು ಕರಗಿಸಿದರೆ ಕಪ್ಪೇ ಆಗುತ್ತದೆ, ಬೇರೆ ಬಣ್ಣ ಹತ್ತುವುದಿಲ್ಲ. ಜ್ಯೂಸಿನ ರಟ್ಟಿನ ಡಬ್ಬಿ ಪೂರ್ತಿ ಕಾಗದ ಎಂದು ಮೋಸ ಹೋಗಬೇಡಿ, ಒಳಗೆ ಪ್ಲಾಸ್ಟಿಕ್ಕೂ ತೆಳ್ಳನೆಯ ಅಲ್ಯೂಮಿನಿಯಮ್ಮೂ ಇರುತ್ತವೆ. ಅದನ್ನು ಕಾಗದದ ಕಟ್ಟಿಗೆ ಸೇರಿಸದೆ ಕಿಟಕಿಯ ಚೀಲಕ್ಕೆ ಹಾಕುತ್ತೇವೆ.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ವ್ಯಾಜ್ಯ ಒಂದಿದೆ, ಚಿಪ್ಸ್ ಪ್ಯಾಕೆಟ್. ಹೊಳೆಯುವ ಆ ಹಾಳೆಯಲ್ಲಿ ಲೋಹದ ಲೇಪ, ಪ್ಲಾಸ್ಟಿಕ್ ಪದರಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೇರೆ ಮಾಡಲು ಆಗುವುದಿಲ್ಲ. ಗುಜರಿಯವರು ಮುಟ್ಟುವುದಿಲ್ಲ. ಒಣ ತ್ಯಾಜ್ಯ ಕೇಂದ್ರಕ್ಕೆ ಹೋದರೂ ಕೊನೆಗೆ ಇಂಥವು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುವುದೇ ಹೆಚ್ಚು. ಅದಕ್ಕೇ ಮನೆಗೆ ಚಿಪ್ಸ್ ತರುವುದೇ ಬೇಡ ಎಂದು ನಾನು ಹೇಳುತ್ತೇನೆ. ರೂಮ್‌ಮೇಟ್‌ಗಳು ಒಪ್ಪುತ್ತಿಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಎರಡು ಗಂಟೆಗೆ ಹಸಿವಾದರೆ ನೀನು ಎದ್ದು ಉಪ್ಪಿಟ್ಟು ಮಾಡಿಕೊಡುತ್ತೀಯಾ ಎಂದು ಕೇಳುತ್ತಾರೆ. ಸದ್ಯಕ್ಕೆ ರಾಜಿ ಎಂದರೆ, ತಿಂದವನೇ ಪ್ಯಾಕೆಟನ್ನು ಒರೆಸಿ, ಉದ್ದಕ್ಕೆ ಮಡಚಿ, ಗಂಟು ಹಾಕಿ ಬೇರೆ ಡಬ್ಬಿಗೆ ಹಾಕಬೇಕು. ಈ ಸೆಮಿಸ್ಟರಿನಲ್ಲಿ ಈವರೆಗೆ 63 ಗಂಟುಗಳಾಗಿವೆ. ಅದರಲ್ಲಿ ಸೀನಿಯರ್‌ದು ಎಷ್ಟು ಎಂದು ಅವನು ಎಣಿಸಲು ಬಿಡುತ್ತಿಲ್ಲ.