ಒಂದು ಪ್ಯಾಕೆಟ್, ಒಂದು ಲೀಟರ್: ಕರುಳಿನ ಕೋಶದ ಮೇಲ್ಮುಖದ ಕಥೆ

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಸಮಯ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಇರೋದು ಮೂವರು. ನಮ್ಮಲ್ಲೊಬ್ಬನಿಗೆ ರಾತ್ರಿ ಎರಡು ಗಂಟೆಗೆ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಏಳೆಂಟು ಸಲ ಹೋಗಿ ಬಂದಿದ್ದ. ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಉಳಿದ ನಾವಿಬ್ಬರು ಗೇಟಿನ ಹೊರಗಿನ ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಪ್ಯಾಕೆಟ್ ತಂದು, ಪೂರ್ತಿ ಪ್ಯಾಕೆಟ್ಟನ್ನು ಒಂದೇ ಲೋಟ ನೀರಿಗೆ ಸುರಿದು ಕಲಸಿ ಕುಡಿಸಿದೆವು. ಗಟ್ಟಿಯಾಗಿದ್ದರೆ ಪವರ್ ಜಾಸ್ತಿ ಅನ್ನೋದು ನಮ್ಮ ಲಾಜಿಕ್. ಒಂದು ಗಂಟೆಯ ನಂತರ ಅವನಿಗೆ ಬಾಯಾರಿಕೆ ಹೆಚ್ಚಾಯಿತು, ಭೇದಿಯೂ ಹೆಚ್ಚಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: “ಎಷ್ಟು ನೀರಿಗೆ ಹಾಕಿದ್ರಪ್ಪಾ?”

“ಒಂದು ಲೋಟಕ್ಕೆ ಮೇಡಂ.”

“ಎಂಜಿನಿಯರಿಂಗ್ ಓದ್ತೀರ, ಪ್ಯಾಕೆಟ್ ಹಿಂದೆ ಬರೆದಿರೋದನ್ನ ಓದಲ್ವಾ?”

ಬೈಸಿಕೊಂಡು ಬಂದ ಮೇಲೆ ನಾವು ಹುಡುಕಲು ಹೊರಟ ಪ್ರಶ್ನೆ ಇದು: ಯಾಕೆ ಸರಿಯಾಗಿ ಒಂದು ಲೀಟರ್? ಉಪ್ಪಿನ ಜೊತೆ ಸಕ್ಕರೆ ಯಾಕೆ? ಉತ್ತರ ಸಿಕ್ಕಿದ್ದು ಕರುಳಿನ ಜೀವಕೋಶದ ಒಂದು ಮುಖದಲ್ಲಿ. ನಾವು ಇಂಗ್ಲಿಷ್ ಮೀಡಿಯಂನವರು. ಕೆಲವು ಪದಗಳು ಹಾಗೇ ಬಂದಿವೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೋಶಕ್ಕೂ ಮೇಲೆ, ಕೆಳಗೆ ಇದೆ

ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಜೀವಕೋಶದ ಚಿತ್ರ ದುಂಡಗೆ ಇರುತ್ತಿತ್ತು. ಯಾವ ಕಡೆಯಿಂದ ನೋಡಿದರೂ ಒಂದೇ. ಆದರೆ ಸಣ್ಣ ಕರುಳಿನ ಒಳಗೋಡೆಯ ಕೋಶಗಳು ಹಾಗಿಲ್ಲ. ಅವು ಉದ್ದನೆಯ ಕಂಬಗಳ ಹಾಗೆ, ಒಂದಕ್ಕೊಂದು ಅಂಟಿಕೊಂಡು, ಒಂದೇ ಸಾಲಿನ ಪದರವಾಗಿ ನಿಂತಿವೆ. ಊಟ ಹರಿದು ಹೋಗುವ ಟೊಳ್ಳಿನ ಕಡೆಗಿರುವ ಮುಖಕ್ಕೆ ಏಪಿಕಲ್ ಅಂತ ಹೆಸರು. ನಾವು ಮೇಲ್ಮುಖ ಅನ್ನೋಣ. ರಕ್ತನಾಳಗಳ ಕಡೆಗಿರುವ ತಳ ಮತ್ತು ಪಕ್ಕಗಳನ್ನು ಒಟ್ಟಿಗೆ ತಳಮುಖ ಅನ್ನೋಣ. ಇಲ್ಲಿ ಮೇಲೆ ಅಂದರೆ ಆಕಾಶದ ಕಡೆ ಅಲ್ಲ, ಟೊಳ್ಳಿನ ಕಡೆ. ನೀವು ನಿಂತರೂ ಮಲಗಿದರೂ ಅದು ಬದಲಾಗೋದಿಲ್ಲ.

ಈ ಮೇಲ್ಮುಖ ನುಣುಪಾಗಿಲ್ಲ. ಪ್ರತಿ ಕೋಶದ ಮೇಲೂ ಸಾವಿರಾರು ಸಣ್ಣ ಬೆರಳುಗಳಿವೆ, ಹೆಸರು ಮೈಕ್ರೋವಿಲ್ಲೈ. ಒಂದೊಂದರ ಎತ್ತರ ಸುಮಾರು 1 ಮೈಕ್ರೋಮೀಟರ್, ಅಗಲ ಸುಮಾರು 0.1 ಮೈಕ್ರೋಮೀಟರ್. ಪ್ರೊಸೆಸರ್ ಮೇಲಿನ ಹೀಟ್ ಸಿಂಕ್‌ಗೆ ಫಿನ್‌ಗಳು ಯಾಕಿರುತ್ತವೋ ಇವೂ ಅದಕ್ಕೇ ಇವೆ: ಅದೇ ಜಾಗದಲ್ಲಿ ಹೆಚ್ಚು ಮೇಲ್ಮೈ ಸಿಗಲಿ ಅಂತ. ಪ್ರತಿ ಬೆರಳಿನ ಒಳಗೂ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಕಟ್ಟು ಇದೆ, ಪಿಲ್ಲರ್ ಒಳಗಿನ ಕಂಬಿಗಳ ಹಾಗೆ. ಬುಡದಲ್ಲಿ ಆ ಕಟ್ಟುಗಳು ಒಂದು ಬಲೆಗೆ ಸಿಕ್ಕಿಕೊಂಡಿರುತ್ತವೆ, ಅದಕ್ಕೇ ಬೆರಳುಗಳು ನೆಟ್ಟಗೆ ನಿಲ್ಲುತ್ತವೆ.

ಕೋಶಪೊರೆ ಸಿಮೆಂಟ್ ಗೋಡೆಯಂತೆ ಗಟ್ಟಿ ಅಲ್ಲ, ಎಣ್ಣೆಯ ತೆಳು ಪದರದ ಹಾಗೆ. ಅದರಲ್ಲಿರುವ ಪ್ರೋಟೀನ್‌ಗಳು ಪಕ್ಕಕ್ಕೆ ಜಾರಬಲ್ಲವು. ಹಾಗಿದ್ದರೆ ಮೇಲ್ಮುಖದ ಪ್ರೋಟೀನ್ ತಳಕ್ಕೆ ಜಾರಿ ಹೋಗಬೇಕಿತ್ತಲ್ವಾ? ಹೋಗೋದಿಲ್ಲ. ಕೋಶದ ಕುತ್ತಿಗೆಯ ಸುತ್ತ ಟೈಟ್ ಜಂಕ್ಷನ್ ಎಂಬ ಪಟ್ಟಿ ಇದೆ. ಅದು ಪಕ್ಕದ ಕೋಶಕ್ಕೆ ಬಿಗಿಯಾಗಿ ಹೊಲಿದ ಹಾಗೆ ಕೂತಿರುತ್ತದೆ. ಎರಡು ಕೋಶಗಳ ಸಂದಿಯಲ್ಲಿ ಸಿಕ್ಕಿದ್ದೆಲ್ಲ ನುಗ್ಗದಂತೆ ತಡೆಯೋದು ಅದರ ಒಂದು ಕೆಲಸ, ಎರಡು ಮುಖಗಳ ಪ್ರೋಟೀನ್‌ಗಳು ಬೆರೆಯದಂತೆ ಬೇಲಿ ಹಾಕೋದು ಇನ್ನೊಂದು. ಈ ಬೇಲಿ ಯಾಕೆ ಮುಖ್ಯ ಅಂತ ಈಗ ನೋಡೋಣ.

ತಳದಲ್ಲಿ ಪಂಪು, ಮೇಲೆ ಬಾಗಿಲು

ತಳಮುಖದಲ್ಲಿ ಒಂದು ಪಂಪು ಇದೆ. ಅದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಕೋಶದಿಂದ ರಕ್ತದ ಕಡೆಗೆ ತಳ್ಳಿ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹೀಗೆ ಕೋಶದ ಒಳಗೆ ಸೋಡಿಯಂ ಯಾವಾಗಲೂ ಕಡಿಮೆ. ಕರುಳಿನ ಟೊಳ್ಳಿನಲ್ಲಿರುವ ಸೋಡಿಯಂ ಒಳಗೆ ಬರಲು ಕಾಯುತ್ತಿರುತ್ತದೆ, ಮೇಲಿನ ಟ್ಯಾಂಕಿನ ನೀರು ಕೆಳಗಿಳಿಯಲು ಕಾಯುವ ಹಾಗೆ.

ಮೇಲ್ಮುಖದಲ್ಲಿ ಎಸ್‌ಜಿಎಲ್‌ಟಿ1 ಎಂಬ ಬಾಗಿಲಿದೆ. ಅದರ ರೂಲ್ ವಿಚಿತ್ರ: 2 ಸೋಡಿಯಂ ಮತ್ತು 1 ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಸೋಡಿಯಂ ಇಳಿಯುವ ರಭಸದಲ್ಲೇ ಗ್ಲೂಕೋಸನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಸೋಡಿಯಂ ಪಂಪಿನ ಮೂಲಕ, ಗ್ಲೂಕೋಸ್ ತಳದ ಇನ್ನೊಂದು ಬಾಗಿಲಿನ ಮೂಲಕ ರಕ್ತಕ್ಕೆ ಹೋಗುತ್ತವೆ. ಇವೆರಡೂ ಹೋದ ಕಡೆಗೆ ಆಸ್ಮೋಸಿಸ್‌ನಿಂದ ನೀರೂ ಹಿಂಬಾಲಿಸುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ಹೋಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು.

ಪಂಪು ಮತ್ತು ಬಾಗಿಲು ಎರಡೂ ಎರಡು ಕಡೆ ಹರಡಿಕೊಂಡಿದ್ದರೆ? ಒಂದು ಕಡೆ ಒಳಗೆ ಬಂದದ್ದು ಅದೇ ಕಡೆ ಆಚೆ ಹೋಗುತ್ತಿತ್ತು. ಪಾರ್ಟ್‌ಗಳು ಅವೇ ಇದ್ದರೂ ಕೆಲಸ ಮಾತ್ರ ಸೊನ್ನೆ. ಯಾವುದು ಎಲ್ಲಿದೆ ಅನ್ನೋದರ ಮೇಲೆ ಇಡೀ ಮಷೀನ್ ನಿಂತಿದೆ.

ಕಾಲರಾ ಬಿಟ್ಟು ಹೋದ ಬಾಗಿಲು

ಕಾಲರಾ ಬ್ಯಾಕ್ಟೀರಿಯಾ ದಾಳಿ ಮಾಡೋದೂ ಈ ಮೇಲ್ಮುಖದಲ್ಲೇ. ಅದು ಒಂದು ವಿಷವನ್ನು ಬಿಡುತ್ತದೆ ಎಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ್ ಡೇ. ಆ ವಿಷ ಮೇಲ್ಮುಖಕ್ಕೆ ಅಂಟಿ ಒಳಗೆ ಹೋಗುತ್ತದೆ. ಅದರಿಂದ ಮೇಲ್ಮುಖದ ಕ್ಲೋರೈಡ್ ನಲ್ಲಿ ತೆರೆದೇ ಉಳಿಯುತ್ತದೆ. ಕ್ಲೋರೈಡ್ ಹೊರಗೆ ಸುರಿದರೆ ಸೋಡಿಯಂ ಹಿಂದೆ ಹೋಗುತ್ತದೆ, ಅದರ ಹಿಂದೆ ನೀರು. ತೀವ್ರವಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಕಾಲರಾದಲ್ಲಿ ಜನ ಸಾಯೋದು ಹೀಗೆ ನೀರು, ಉಪ್ಪು ಖಾಲಿಯಾಗಿ.

ಆದರೆ ಆ ವಿಷ ಎಸ್‌ಜಿಎಲ್‌ಟಿ1 ಬಾಗಿಲನ್ನು ಮುಟ್ಟೋದಿಲ್ಲ. ನಲ್ಲಿ ಸೋರುತ್ತಿದ್ದರೂ ಪಕ್ಕದ ಬಾಗಿಲು ಸರಿಯಾಗೇ ಇದೆ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪುನೀರೂ ಸಾಲದು. ಉಪ್ಪಿನ ಜೊತೆ ಗ್ಲೂಕೋಸ್ ಕೊಟ್ಟರೆ ಆ ಬಾಗಿಲು ತೆರೆದು ನೀರು ಒಳಗೆ ಬರುತ್ತದೆ. ಓಆರ್‌ಎಸ್ ಅಂದರೆ ಇಷ್ಟೇ.

1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಲಕ್ಷಾಂತರ ನಿರಾಶ್ರಿತರು ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಹಾಕಲು ಸಲೈನ್ ಸಾಕಾಗುತ್ತಿರಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಮತ್ತು ಅವರ ತಂಡ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ನಮ್ಮ ತಪ್ಪಿನ ಲೆಕ್ಕ

ಈಗ ನಮ್ಮ ಲೋಟಕ್ಕೆ ಬರೋಣ. ನಮ್ಮ ಗೆಳೆಯನಿಗೆ ಬಂದಿದ್ದು ಕಾಲರಾ ಅಲ್ಲ, ಆದರೆ ಯಾವ ಭೇದಿಯಲ್ಲೂ ಹೋಗೋದು ನೀರು, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಫಾರ್ಮುಲಾ ಪ್ರಕಾರ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್ ಇರುತ್ತದೆ. ಕರಗಿದ ಕಣಗಳೆಲ್ಲ ಸೇರಿ ಒಟ್ಟು 245 ಮಿಲಿಆಸ್ಮೋಲ್. ನಮ್ಮ ರಕ್ತದಲ್ಲಿ ಇದು ಸುಮಾರು 290. ದ್ರಾವಣ ರಕ್ತಕ್ಕಿಂತ ತೆಳು, ಹಾಗಾಗಿ ನೀರು ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಹೋಗುತ್ತದೆ.

ನಾವು ಒಂದು ಲೀಟರ್ ಪ್ಯಾಕೆಟ್ಟನ್ನು 200 ಮಿಲಿ ಲೋಟಕ್ಕೆ ಹಾಕಿದೆವು. ಐದು ಪಟ್ಟು ಗಟ್ಟಿ. 245 × 5 = 1225. ರಕ್ತದ ನಾಲ್ಕು ಪಟ್ಟಿಗಿಂತ ಹೆಚ್ಚು. ಅಂದರೆ ನೀರು ಉಲ್ಟಾ ಹರಿಯಿತು, ಅವನ ಮೈಯಿಂದ ಕರುಳಿಗೆ. ಔಷಧಿ ಅಂತ ಕೊಟ್ಟು ನಾವೇ ಅವನ ನೀರು ತೆಗೆದೆವು. ಕೋಲಾದಂಥ ಸಿಹಿ ಪಾನೀಯ ಕೊಡಬಾರದು ಅನ್ನೋದಕ್ಕೂ ಕಾರಣ ಇದೇ: ಸಕ್ಕರೆ ಅತಿ, ಉಪ್ಪು ಬಹಳ ಕಡಿಮೆ.

ಇಷ್ಟು ನೆನಪಿಟ್ಟುಕೊಳ್ಳಿ. ಪ್ಯಾಕೆಟ್ ಎಷ್ಟು ನೀರಿಗೆ ಅಂತ ಓದಿ, 1 ಲೀಟರಿನದೂ ಇದೆ, 200 ಮಿಲಿಯದೂ ಇದೆ. ಕುದಿಸಿ ಆರಿಸಿದ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಿಂದ ಭೇದಿ ತಕ್ಷಣ ನಿಲ್ಲೋದಿಲ್ಲ, ಹೋದ ನೀರು ವಾಪಸ್ ಬರುತ್ತದೆ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರ ನಿಂತು ಹೋಗೋದು, ಮಂಪರು ಇವುಗಳಲ್ಲಿ ಒಂದು ಕಂಡರೂ ಗೂಗಲ್ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನಮ್ಮ ಗೆಳೆಯ ಎರಡು ದಿನದಲ್ಲಿ ಚೇತರಿಸಿಕೊಂಡ, ಒಂದು ಇಂಟರ್ನಲ್ ಮಾತ್ರ ತಪ್ಪಿತು. ಈಗ ನಮ್ಮ ರೂಮಿನ ಶೆಲ್ಫಿನಲ್ಲಿ ಒಂದು ಲೀಟರ್ ಬಾಟಲಿ ಇದೆ. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಪ್ಯಾಕೆಟ್ ಕಟ್ಟಿದ್ದೇವೆ. ಪಕ್ಕದ ರೂಮಿನವರು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ, ಪ್ಯಾಕೆಟ್ ಜೊತೆ ಬಾಟಲಿಯನ್ನೂ ಕೊಟ್ಟು ಕಳಿಸುತ್ತೇವೆ.