ಟ್ರಂಪೆಟ್ ವಾದ್ಯ: ಬೆಲೆ ಮತ್ತು ಗುಣ

ವಸ್ತುವಿನ ಯೋಗ್ಯತೆಯನ್ನು ಅದರ ಬೆಲೆಯಿಂದ ಅಳೆಯುವುದು ಲೋಕರೂಢಿ. ವಾದ್ಯಗಳ ವಿಷಯದಲ್ಲಿ ಈ ಅಳತೆಗೋಲು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬ್ಯಾಂಡಿನ ಮುಂಚೂಣಿಯಲ್ಲಿ ಮೊಳಗುವ ಟ್ರಂಪೆಟ್ ಇದಕ್ಕೆ ಉತ್ತಮ ನಿದರ್ಶನ. ಮಧ್ಯಮ ಬೆಲೆಯ ಟ್ರಂಪೆಟ್ಟನ್ನೂ ವೃತ್ತಿನಿರತ ವಾದಕರು ಬಳಸುವ ಟ್ರಂಪೆಟ್ಟನ್ನೂ ಅಕ್ಕಪಕ್ಕದಲ್ಲಿಟ್ಟರೆ ಹೊಸಬರ ಕಣ್ಣಿಗೆ ಭೇದ ಕಾಣದು. ಎರಡೂ ಹಿತ್ತಾಳೆಯವು; ಎರಡಕ್ಕೂ ಮೂರು ವಾಲ್ವುಗಳು; ಹೊಳಪೂ ಒಂದೇ. ಆದರೆ ಎರಡನೆಯದರ ಬೆಲೆ ಮೊದಲನೆಯದರ ಸುಮಾರು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈ ಅಂತರಕ್ಕೆ ಕಾರಣವೇನು, ಕಲಿಯುವ ವಿದ್ಯಾರ್ಥಿಗೆ ಅದರಿಂದ ಆಗುವ ಲಾಭವೆಷ್ಟು ಎಂಬುದನ್ನು ತಿಳಿಯಬೇಕಾದರೆ ಮೊದಲು ವಾದ್ಯದ ರಚನೆಯನ್ನು ಅರಿಯಬೇಕು.

ಟ್ರಂಪೆಟ್ಟಿನಲ್ಲಿ ನಾದ ಹುಟ್ಟುವುದು ವಾದಕನ ತುಟಿಗಳ ಕಂಪನದಿಂದ. ಕೊಳವೆಯು ಆ ಕಂಪನವನ್ನು ಬಲಪಡಿಸಿ ಹೊರಸೂಸುತ್ತದೆ. ಒಂದೇ ಉದ್ದದ ಕೊಳವೆಯಿಂದ ಕೆಲವು ಸಹಜ ಸ್ವರಗಳು ಮಾತ್ರ ಹೊರಡುತ್ತವೆ. ಹಿಂದಿನ ಕಾಲದ ಯುರೋಪಿನ ಕಹಳೆಗಾರರು ಬಹುಮಟ್ಟಿಗೆ ಇವುಗಳಿಂದಲೇ ತೃಪ್ತರಾಗಬೇಕಾಗಿತ್ತು. ಹೈನ್ರಿಖ್ ಸ್ಟೋಲ್ಟ್ಸೆಲ್ ಮತ್ತು ಫ್ರೀಡ್ರಿಖ್ ಬ್ಲ್ಯೂಮೆಲ್ ಎಂಬ ಜರ್ಮನ್ ವಾದಕರು 1818ರಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಪೆರಿನೆ ರೂಪಿಸಿದ ಪಿಸ್ಟನ್ ವಾಲ್ವೇ ಇಂದಿನ ಬಹುತೇಕ ಟ್ರಂಪೆಟ್ಟುಗಳಲ್ಲಿರುವ ವಾಲ್ವಿಗೆ ಮೂಲ. ವಾಲ್ವನ್ನು ಒತ್ತಿದಾಗ ಗಾಳಿಯ ದಾರಿಗೆ ಇನ್ನೊಂದು ತುಂಡು ಕೊಳವೆ ಸೇರಿ ಸ್ವರ ಇಳಿಯುತ್ತದೆ: ಎರಡನೆಯ ವಾಲ್ವಿನಿಂದ ಅರ್ಧಸ್ವರ, ಮೊದಲನೆಯದರಿಂದ ಒಂದು ಸ್ವರ, ಮೂರನೆಯದರಿಂದ ಒಂದೂವರೆ ಸ್ವರ.

ತೊಡಕೊಂದು ಇಲ್ಲಿಯೇ ಅಡಗಿದೆ. ಸಾಮಾನ್ಯ ಬಳಕೆಯ ಬಿ-ಫ್ಲ್ಯಾಟ್ ಟ್ರಂಪೆಟ್ಟಿನ ಕೊಳವೆಯ ಉದ್ದ ಸುಮಾರು 148 ಸೆಂಟಿಮೀಟರು. ಲೆಕ್ಕದಂತೆ ಮೊದಲನೆಯ ವಾಲ್ವು ಇದಕ್ಕೆ 18 ಸೆಂಟಿಮೀಟರನ್ನೂ ಮೂರನೆಯದು 28 ಸೆಂಟಿಮೀಟರನ್ನೂ ಕೂಡಿಸಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ 46 ಸೆಂಟಿಮೀಟರು ಸೇರುತ್ತದೆ; ಆದರೆ ಎರಡೂವರೆ ಸ್ವರ ಇಳಿಯಲು ಬೇಕಾದುದು ಸುಮಾರು 49.5 ಸೆಂಟಿಮೀಟರು. ಕೊಳವೆ ಅಷ್ಟು ಗಿಡ್ಡವಾದುದರಿಂದ ಸ್ವರವು ಶ್ರುತಿಗಿಂತ ಮೇಲೇರುತ್ತದೆ. ಮೂರನ್ನೂ ಒತ್ತಿದಾಗ ಕೊರತೆ ಇನ್ನೂ ಹೆಚ್ಚು. ಇದನ್ನು ಸರಿಪಡಿಸಲು ವಾದಕನು ಮೂರನೆಯ ವಾಲ್ವಿನ ಸ್ಲೈಡನ್ನು, ಎಂದರೆ ಜಾರುಕೊಳವೆಯನ್ನು, ಎಡಗೈ ಬೆರಳಿನಿಂದ ಹೊರಕ್ಕೆ ಸರಿಸಬೇಕು. ನುಡಿಸುತ್ತಿರುವಾಗಲೇ ಈ ಸ್ಲೈಡು ಸಲೀಸಾಗಿ ಸರಿಯದಿದ್ದರೆ ಆ ಟ್ರಂಪೆಟ್ಟು ಎಷ್ಟೇ ಅಗ್ಗವಾದರೂ ದುಬಾರಿಯೇ. ಒಳ್ಳೆಯ ಮಧ್ಯಮ ಬೆಲೆಯ ವಾದ್ಯವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ತೀರ ಅಗ್ಗದ ವಾದ್ಯಗಳು ಅನೇಕ ವೇಳೆ ಎಡವುವುದು ಇಲ್ಲಿಯೇ.

ಹಾಗಾದರೆ ಮಧ್ಯಮ ಬೆಲೆಯದಕ್ಕೂ ಉತ್ತಮ ದರ್ಜೆಯದಕ್ಕೂ ಇರುವ ಭೇದವೇನು? ಜಪಾನಿನ ಯಮಾಹಾ ಸಂಸ್ಥೆಯ ಎರಡು ವಾದ್ಯಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅದರ 4335 ಎಂಬ ಮಾದರಿ ಮಧ್ಯಮ ವರ್ಗದ್ದು. ಕ್ಸೆನೋ ಎಂದು ಹೆಸರಾದ 8335 ವೃತ್ತಿನಿರತರದು. ಎರಡರಲ್ಲಿಯೂ ಕೊಳವೆಯ ಒಳವ್ಯಾಸ 11.65 ಮಿಲಿಮೀಟರು, ಬೆಲ್ಲಿನ ವ್ಯಾಸ 123 ಮಿಲಿಮೀಟರು. ಎರಡರಲ್ಲಿಯೂ ಪಿಸ್ಟನ್ನುಗಳು ತುಕ್ಕು ಹಿಡಿಯದ ಮೋನೆಲ್ ಎಂಬ ನಿಕ್ಕಲ್-ತಾಮ್ರ ಮಿಶ್ರಲೋಹದವು. ಅಳತೆಗಳು ಇಷ್ಟು ಸಮನಾಗಿದ್ದರೂ ಬೆಲ್ಲಿನ ನಿರ್ಮಾಣ ಬೇರೆಯಾಗಿದೆ. ಮಧ್ಯಮ ಮಾದರಿಯಲ್ಲಿ ಬೆಲ್ಲಿನ ಅರಳಿದ ಭಾಗವನ್ನೂ ಕಾಂಡವನ್ನೂ ಬೇರೆ ಬೇರೆಯಾಗಿ ಮಾಡಿ ಬೆಸೆಯುತ್ತಾರೆ. ಉತ್ತಮ ಮಾದರಿಯಲ್ಲಿ ಒಂದೇ ತಗಡನ್ನು ಕತ್ತರಿಸಿ, ಮಡಿಸಿ, ಉದ್ದಕ್ಕೂ ಬೆಸೆದು, ಅಚ್ಚಿನ ಮೇಲೆ ಕೈಸುತ್ತಿಗೆಯಿಂದ ಬಡಿದು ರೂಪ ಕೊಡುತ್ತಾರೆ. ಬಡಿದಂತೆ ಲೋಹ ಗಡುಸಾಗುತ್ತದೆ. ಕಾಯಿಸಿ ಅದನ್ನು ಮತ್ತೆ ಮೆದುಗೊಳಿಸಬೇಕಾಗುತ್ತದೆ. ನುರಿತ ಕೈಗಳ ಈ ದುಡಿಮೆಗೇ ಹೆಚ್ಚಿನ ಬೆಲೆಯ ದೊಡ್ಡ ಪಾಲು ಸಲ್ಲುತ್ತದೆ.

ಈ ವಿಧಾನಕ್ಕೆ ಪ್ರಸಿದ್ಧಿ ತಂದವರಲ್ಲಿ ವಿನ್ಸೆಂಟ್ ಬಾಕ್ ಪ್ರಮುಖರು. ಆಸ್ಟ್ರಿಯಾದಲ್ಲಿ 1890ರಲ್ಲಿ ಜನಿಸಿದ ಅವರು ಸ್ವತಃ ಟ್ರಂಪೆಟ್ ವಾದಕರು, ಯಂತ್ರಶಾಸ್ತ್ರವನ್ನೂ ಬಲ್ಲವರು. 1914ರಲ್ಲಿ ಅಮೆರಿಕೆಗೆ ಹೋದ ಅವರು ಮೊದಲು ಮೌತ್‌ಪೀಸುಗಳನ್ನೂ 1920ರ ದಶಕದಲ್ಲಿ ಟ್ರಂಪೆಟ್ಟುಗಳನ್ನೂ ತಯಾರಿಸತೊಡಗಿದರು. 1961ರಲ್ಲಿ ಅವರ ಉದ್ಯಮ ಸೆಲ್ಮರ್ ಸಂಸ್ಥೆಯ ಕೈ ಸೇರಿತಾದರೂ ಬಾಕ್ ಸ್ಟ್ರಾಡಿವೇರಿಯಸ್ ಎಂಬ ಹೆಸರಿನ ಟ್ರಂಪೆಟ್ಟು ಇಂದಿಗೂ ವಾದ್ಯವೃಂದಗಳಲ್ಲಿ ಮನ್ನಣೆ ಪಡೆದಿದೆ. ವಾದಕನೇ ನಿರ್ಮಾಪಕನಾದಾಗ ತುಟಿಗೆ ತಿಳಿದದ್ದು ಕೈಗೂ ತಿಳಿಯುತ್ತದೆ ಎಂಬುದಕ್ಕೆ ಅವರ ಜೀವನ ಸಾಕ್ಷಿ.

ಇನ್ನು ನುಡಿಸುವ ಸೌಲಭ್ಯದ ವಿಚಾರ. ಉತ್ತಮ ದರ್ಜೆಯ ವಾದ್ಯವು ಅತ್ಯಂತ ಮೆಲುದನಿಯಿಂದ ಉಚ್ಚದನಿಯವರೆಗೆ ನಾದದ ಬಣ್ಣ ಕೆಡದಂತೆ ನುಡಿಯುತ್ತದೆ. ಸ್ವರಗಳ ನಡುವೆ ಸಮತೆ ಇರುತ್ತದೆ. ಆದರೆ ದುಬಾರಿ ವಾದ್ಯವೆಲ್ಲ ಸುಲಭವಾಗಿ ನುಡಿಯುತ್ತದೆಂದು ಭಾವಿಸುವುದು ತಪ್ಪು. ದಪ್ಪ ತಗಡಿನ ಭಾರವಾದ ವಾದ್ಯಗಳು ಪಳಗಿದ ಉಸಿರನ್ನು ಬೇಡುತ್ತವೆ. ಎಳೆಯ ತುಟಿಗಳಿಗೆ ಹಗುರವಾದ ಮಧ್ಯಮ ಮಾದರಿಯೇ ಹಲವು ವೇಳೆ ಬೇಗ ಒಲಿಯುತ್ತದೆ. ಹೆಚ್ಚಿನ ಹಣದಿಂದ ದೊರೆಯುವ ಸೂಕ್ಷ್ಮಗುಣಗಳನ್ನು ಹೊರಗೆಳೆಯಲು ಕೆಲವು ವರ್ಷಗಳ ಸಾಧನೆ ಬೇಕು.

ಪರೀಕ್ಷಿಸುವ ಕ್ರಮವೂ ಮುಖ್ಯ. ಎರಡು ವಾದ್ಯಗಳನ್ನು ಒಂದೇ ಮೌತ್‌ಪೀಸಿನಿಂದ ನುಡಿಸಬೇಕು. ಇಲ್ಲವಾದರೆ ಭೇದ ವಾದ್ಯದ್ದೋ ಮೌತ್‌ಪೀಸಿನದೋ ತಿಳಿಯದು. ವಾದಕನು ಬೆಲ್ಲಿನ ಹಿಂದೆ ನಿಂತಿರುವುದರಿಂದ ಕೇಳುಗನೊಬ್ಬನನ್ನು ದೂರದಲ್ಲಿ, ಬೆನ್ನು ತಿರುಗಿಸಿ ನಿಲ್ಲಿಸುವುದು ಲೇಸು. ವಾಲ್ವನ್ನು ಒತ್ತದೆ ಅದರ ಸ್ಲೈಡನ್ನು ಸರಕ್ಕನೆ ಎಳೆದಾಗ 'ಟಪ್' ಎಂಬ ಸದ್ದು ಬಂದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಬಹುದು. ಬಳಸಿದ ಉತ್ತಮ ವಾದ್ಯ ಮಧ್ಯಮ ಬೆಲೆಗೇ ದೊರೆಯುವುದುಂಟು. ಆಗ ಮೌತ್‌ಪೀಸಿನಿಂದ ಮುಂದೆ ಸಾಗುವ ಕೊಳವೆಯ ಮೇಲೆ ಕೆಂಬಣ್ಣದ ಚುಕ್ಕೆಗಳಿವೆಯೇ ಎಂದು ನೋಡಬೇಕು. ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಲೋಹ ಸವೆಯುತ್ತಿರುವುದರ ಚಿಹ್ನೆ ಅದು.

ಕೊಂಡ ಮೇಲೆ ಪೋಷಣೆಯೇ ಆಯುಷ್ಯ. ವಾಲ್ವಿಗೆ ಅದಕ್ಕಾಗಿಯೇ ತಯಾರಾದ ತೆಳು ಎಣ್ಣೆಯನ್ನು ಹಾಕಬೇಕೇ ಹೊರತು ತೆಂಗಿನೆಣ್ಣೆಯನ್ನಲ್ಲ. ಮನೆಯ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ಬೂದಿಗಳಿಂದ ಉಜ್ಜಿದರೆ ಮೇಲಣ ಲೇಪ ಕೆಡುತ್ತದೆ. ನಿರ್ಲಕ್ಷ್ಯಕ್ಕೀಡಾದ ಉತ್ತಮ ವಾದ್ಯಕ್ಕಿಂತ ಜೋಪಾನ ಮಾಡಿದ ಮಧ್ಯಮ ವಾದ್ಯ ಮೇಲು.

ಆದ್ದರಿಂದ ಒಂದು ಉತ್ತಮ ದರ್ಜೆಯ ಟ್ರಂಪೆಟ್ಟಿನ ಹಣದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಮಧ್ಯಮ ದರ್ಜೆಯವು ದೊರೆಯುವುದಾದರೆ ಶಾಲೆಯು ಎರಡನೆಯದನ್ನು ಆಯುವುದೇ ವಿವೇಕ. ಆದರೆ ಅದಕ್ಕಿಂತ ಕೆಳಗಿಳಿಯುವುದು ಉಳಿತಾಯವಲ್ಲ. ಶ್ರುತಿಗೆ ನಿಲ್ಲದ, ವಾಲ್ವು ಅಂಟುವ ವಾದ್ಯವನ್ನು ಕೈಗಿತ್ತರೆ ಬಾಲಕನು ದೋಷ ವಾದ್ಯದ್ದೆಂದು ಅರಿಯಲಾರ. ತನ್ನ ತುಟಿಯನ್ನೂ ಉಸಿರನ್ನೂ ಹಳಿದುಕೊಂಡು, ಸಂಗೀತ ತನಗೆ ಒಲಿಯದೆಂದು ಕೈಬಿಡುತ್ತಾನೆ. ಕೆಟ್ಟ ವಾದ್ಯದಿಂದಾಗುವ ನಿಜವಾದ ನಷ್ಟ ಇದೇ. ಕಲಿಯುವವನ ಶ್ರಮಕ್ಕೆ ಅಡ್ಡ ಬಾರದ ವಾದ್ಯ ಮೊದಲು ಬೇಕು. ಅದರ ಎಲ್ಲೆಯನ್ನು ತನ್ನ ಸಾಧನೆಯಿಂದ ಮುಟ್ಟಿದ ದಿನ ಅವನು ಉತ್ತಮ ದರ್ಜೆಯ ಟ್ರಂಪೆಟ್ಟಿಗೆ ಅರ್ಹನಾಗುತ್ತಾನೆ.