ಲೈಬ್‌ನಿಟ್ಸ್ ಎಡವಿದ ಲೆಕ್ಕ

ಕ್ಷ² − 9 ಎಂಬುದನ್ನು ಅಪವರ್ತಿಸುವುದು ಪ್ರೌಢಶಾಲೆಯ ವಿದ್ಯಾರ್ಥಿಗೆ ಕ್ಷಣಮಾತ್ರದ ಕೆಲಸ. ಎರಡು ವರ್ಗಗಳ ವ್ಯತ್ಯಾಸದ ಸೂತ್ರವನ್ನು ಬಲ್ಲವನು ಒಡನೆಯೇ (ಕ್ಷ + 3)(ಕ್ಷ − 3) ಎಂದು ಬರೆಯುತ್ತಾನೆ. ಆದರೆ ಕ್ಷ⁴ + 4 ಎಂದು ಕೊಟ್ಟರೆ? ನಡುವೆ ಇರುವುದು ಧನಚಿಹ್ನೆ. ಕಲಿತ ಸೂತ್ರಗಳಲ್ಲಿ ಯಾವುದೂ ಹೊಂದುವುದಿಲ್ಲ. "ಇದಕ್ಕೆ ಅಪವರ್ತನಗಳಿಲ್ಲ" ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುವವರೇ ಹೆಚ್ಚು.

ಹಾಗೆ ಬರೆದವರು ನಾಚಬೇಕಾದುದಿಲ್ಲ. ಕಲನಶಾಸ್ತ್ರದ ಜನಕರಲ್ಲೊಬ್ಬನಾದ ಜರ್ಮನಿಯ ಲೈಬ್‌ನಿಟ್ಸನೇ ಈ ಜಾತಿಯ ಲೆಕ್ಕದಲ್ಲಿ ಎಡವಿದ್ದುಂಟು!

ಭಿನ್ನರಾಶಿಯ ರೂಪದ ಉಕ್ತಿಯನ್ನು ಅನುಕಲಿಸಬೇಕಾದರೆ ಅದರ ಛೇದವನ್ನು ಒಂದನೆಯ ಇಲ್ಲವೇ ಎರಡನೆಯ ಘಾತದ ಅಪವರ್ತನಗಳಾಗಿ ಒಡೆಯಬೇಕು. ಎಲ್ಲ ಛೇದಗಳೂ ಹೀಗೆ ಒಡೆಯುವುವೇ ಎಂಬ ಪ್ರಶ್ನೆ ಲೈಬ್‌ನಿಟ್ಸನನ್ನು ಕಾಡಿತು. ಆತನು ಕ್ಷ⁴ + ಅ⁴ ಎಂಬುದನ್ನು ಪರೀಕ್ಷೆಗೆ ಆರಿಸಿಕೊಂಡನು. ದೊರೆತ ನಾಲ್ಕು ಅಪವರ್ತನಗಳಲ್ಲಿಯೂ ಋಣ ಸಂಖ್ಯೆಯ ವರ್ಗಮೂಲವು ಹೊಕ್ಕು ಕುಳಿತಿತ್ತು. ಅವುಗಳಲ್ಲಿ ಯಾವ ಎರಡನ್ನು ಗುಣಿಸಿದರೂ ಆ ತೊಡಕು ಹೋಗದೆಂದು ಬಗೆದು, 1702ರಲ್ಲಿ ತನ್ನ ತೀರ್ಮಾನವನ್ನು ಪ್ರಕಟಿಸಿಯೂ ಬಿಟ್ಟನು.

ಲೈಬ್‌ನಿಟ್ಸ್ 1716ರಲ್ಲಿ ತೀರಿಕೊಂಡನು. 1742ರಲ್ಲಿ ಆಯ್ಲರನು ಮಿತ್ರರಿಗೆ ಬರೆದ ಪತ್ರಗಳಲ್ಲಿ ಈ ತೀರ್ಮಾನವು ತಪ್ಪೆಂದು ತೋರಿಸಿಕೊಟ್ಟನು.

ಯುಕ್ತಿ ಬಲು ಸುಲಭ. ಕ್ಷ⁴ + 4 ಎಂಬುದಕ್ಕೆ 4ಕ್ಷ² ಕೂಡಿಸಿ, ಅಷ್ಟನ್ನೇ ಕಳೆಯಿರಿ, ಬೆಲೆ ಬದಲಾಗುವುದಿಲ್ಲ. ಈಗ ಮೊದಲ ಭಾಗ (ಕ್ಷ² + 2)² ಎಂಬ ಪೂರ್ಣವರ್ಗ; ಕಳೆಯಬೇಕಾದುದು (2ಕ್ಷ)². ಮತ್ತೆ ಅದೇ ಹಳೆಯ ಸೂತ್ರ! ಉತ್ತರ:

(ಕ್ಷ² + 2ಕ್ಷ + 2)(ಕ್ಷ² − 2ಕ್ಷ + 2)

ಸಂಶಯವಿದ್ದರೆ ಕ್ಷ = 10 ಎಂದಿಟ್ಟು ನೋಡಬಹುದು. 122ನ್ನು 82ರಿಂದ ಗುಣಿಸಿದರೆ ಸರಿಯಾಗಿ 10,004. ಲೈಬ್‌ನಿಟ್ಸನ ಲೆಕ್ಕಕ್ಕೂ ಇದೇ ದಾರಿ. ಅಲ್ಲಿ ಕೂಡಿಸಿ ಕಳೆಯಬೇಕಾದುದು 2ಅ²ಕ್ಷ².

ವಾಸ್ತವ ಸಂಖ್ಯೆಗಳಿಂದಾದ ಯಾವ ಬಹುಪದೋಕ್ತಿಯೇ ಆಗಲಿ, ಒಂದನೆಯ ಮತ್ತು ಎರಡನೆಯ ಘಾತದ ಅಪವರ್ತನಗಳಾಗಿ ಒಡೆದೇ ತೀರುವುದು. 1799ರಲ್ಲಿ ಇಪ್ಪತ್ತೆರಡು ವರ್ಷದ ಗೌಸ್ ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಎತ್ತಿಕೊಂಡ ವಿಷಯ ಇದೇ.

ಹಾಗೆಂದು "ಇಲ್ಲ" ಎಂಬ ಉತ್ತರವೇ ಗಣಿತದಲ್ಲಿ ಸಲ್ಲದೆಂದಲ್ಲ. ಕ್ಷ² + 4 ಎಂಬುದಕ್ಕೆ ಒಂದನೆಯ ಘಾತದ ವಾಸ್ತವ ಅಪವರ್ತನಗಳು ನಿಜವಾಗಿಯೂ ಇಲ್ಲ. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗಲಾರದು. ಆದ್ದರಿಂದ ಆ ಮಾತನ್ನು ಸಾಧಿಸಿ ತೋರಿಸಬಹುದು. ಹುಡುಕಿ ಸಿಗದಿದ್ದುದು ಬೇರೆ, ಇಲ್ಲವೆಂದು ಸಾಧಿಸಿದ್ದು ಬೇರೆ. ಲೈಬ್‌ನಿಟ್ಸನಂತಹ ಮೇಧಾವಿಯೂ ಒಮ್ಮೆ ಮರೆತ ಈ ಭೇದವನ್ನು ಬೀಜಗಣಿತದ ಮೊದಲ ತರಗತಿಗಳಲ್ಲಿಯೇ ಕಲಿತ ವಿದ್ಯಾರ್ಥಿ ಭಾಗ್ಯಶಾಲಿ.